ಫೇಲಾದವರ ಹೊಲಿಗೆ

“ಮುಖ ನೋಡೋಕೆ ಕರ್ದಿಲ್ಲ ನಿನ್ನ. ಕೈ ತೋರ್ಸು, ಕೈ!”

ಮಿಷಿನಕ್ಕ ಎರಡೂ ಕೈ ಮುಂದೆ ಚಾಚಿದಳು. ಆಫೀಸರು ಪೆನ್ನಿನ ತುದಿಯಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಎತ್ತಿ, ಮಗುಚಿ ನೋಡಿದ. ದನ ಕೊಳ್ಳುವವನಾದರೂ ಹಲ್ಲು ನೋಡುವಾಗ ದನದ ಬಾಯಿಗೆ ಕೈ ಹಾಕುತ್ತಾನೆ. ಈತನಿಗೆ ಮುಟ್ಟುವುದಕ್ಕೂ ಹೇಸಿಗೆ.

“ಇದೇನಿದು, ಬೆರಳು ಜರಡಿ ಥರ ತೂತು ತೂತು?”

“ಸೂಜಿ ಸಾರ್. ಚಿಕ್ಕೋಳಿದ್ದಾಗಿಂದ ಹೊಲೀತಿದೀನಿ.”

“ಇಷ್ಟು ವರ್ಷ ಹೊಲಿದ್ರೂ ಸೂಜಿ ಎಲ್ಲೋಗ್ಬೇಕು, ಬೆರಳು ಎಲ್ಲಿರ್ಬೇಕು ಅಂತ ಗೊತ್ತಾಗ್ಲಿಲ್ವಾ? ನಡಿ ಆ ಕಡೆ. ನೆಕ್ಸ್ಟ್!”

ಸಾಲಿನಲ್ಲಿದ್ದ ಹೆಂಗಸರು ನಕ್ಕರು. ನಗದಿದ್ದರೆ ಮುಂದಿನ ಮಾತು ತಮಗೆ ಬಿದ್ದೀತೆಂಬ ಭಯದ ನಗೆ ಅದು. ಮಿಷಿನಕ್ಕನೂ ನಕ್ಕಳು. ಕೆಲಸ ಬೇಕಾಗಿತ್ತು.

ದೊಡ್ಡ ಹೋಟೆಲುಗಳ ಕೆಲಸದವರು ತೊಡುವ ಕಡುನೀಲಿ ಕೋಟುಗಳನ್ನು ಹೊಲಿಯುವ ಕಂಪನಿ ಅದು. ಹೊಲಿಗೆ ಬಲ್ಲ ಹೆಂಗಸರು ಬೇಕಾಗಿದ್ದಾರೆ, ಇಂಟರ್‌ವ್ಯೂ ದಿನಾ ಬೆಳಿಗ್ಗೆ, ಎಂಬ ಸುದ್ದಿ ಊರಿನ ಈ ಅಂಚಿನ ಬೀದಿಗಳಿಗೆಲ್ಲ ಹಬ್ಬಿತ್ತು. ಕಾರ್ಖಾನೆಯ ಹಿಂದಿನ ಅಂಗಳದಲ್ಲಿ, ತಗಡಿನ ಮಾಡಿನ ಕೆಳಗೆ ಸಾಲು ನಿಲ್ಲಬೇಕು. ಆಫೀಸರು ಬಂದು ಕೈ ನೋಡಬೇಕು. ಅವನು ಬರುವುದಕ್ಕೆ ಮೊದಲೇ ಅವನ ಸೆಂಟಿನ ವಾಸನೆ ಬರುತ್ತಿದ್ದುದರಿಂದ ಹೆಂಗಸರು ಅವನಿಗೆ ಸೆಂಟು ಎಂದೇ ಹೆಸರಿಟ್ಟಿದ್ದರು.

ಮಿಷಿನಕ್ಕ ಎಂಬುದೂ ಬೀದಿಯವರು ಇಟ್ಟ ಹೆಸರೇ. ಮನೆಯ ಹೊಸ್ತಿಲಿಗೆ ಅಂಟಿಸಿದಂತೆ ಹೊಲಿಗೆ ಮಿಷಿನ್ ಇಟ್ಟುಕೊಂಡು, ಹೋಗಿಬರುವವರನ್ನೆಲ್ಲ ಮಾತಾಡಿಸುತ್ತ, ಬೀದಿಯ ಅರ್ಧ ಜನದ ಮಾನವನ್ನು ತಾನೇ ಹೊಲಿದು ಮುಚ್ಚಿದವಳು. ಈಗ ಹರಿದದ್ದನ್ನು ಹೊಲಿಸುವವರೇ ಇರಲಿಲ್ಲ. ಹರಿದರೆ ಎಸೆದು ಹೊಸದು ತರುವ ಕಾಲ. ಅವಳ ಗಂಡ ಮರ ಕೊಯ್ಯುವ ಮಿಲ್ಲಿನಲ್ಲಿ ಬಲಗೈಯ ಬೆರಳುಗಳನ್ನು ಗರಗಸಕ್ಕೆ ಕೊಟ್ಟು ಮನೆ ಸೇರಿದ್ದ. ಅಡುಗೆ ಈಗ ಅವನದು. ಅವನ ತಂಗಿ ಪುಟ್ಟಿ ಅತ್ತಿಗೆಯ ಕಾಲ ಬಳಿ ಕೂತು ಹೊಲಿಗೆ ಕಲಿತವಳು. ಅತ್ತಿಗೆಯ ಜೊತೆ ಅವಳೂ ಸಾಲಿಗೆ ಬಂದಿದ್ದಳು. ಒಳಗಿನ ಖಾಯಂ ಕೆಲಸದವರು ಕೊರಳಿಗೆ ಹಾಕಿಕೊಂಡಿರುತ್ತಾರಲ್ಲ, ಫೋಟೋ ಅಂಟಿಸಿದ ಕಾರ್ಡು, ಅದರ ಮೇಲೆ ಅವಳಿಗೆ ಬಹಳ ಆಸೆ. ಅದೊಂದಿದ್ದರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಎಲ್ಲರಿಗೂ ಕಾಣುವ ಹಾಗೆ ಹೋಗಬಹುದೆಂದು ಅಣ್ಣನ ಮುಂದೆ ಹೇಳಿ ನಗಿಸಿದ್ದಳು.

ಕೈ ಪರೀಕ್ಷೆಯಲ್ಲಿ ಪಾಸಾದವರನ್ನು ಒಬ್ಬೊಬ್ಬರನ್ನಾಗಿ ಗಾಜಿನ ಕೋಣೆಗೆ ಕರೆದರು. ಕೋಣೆಯಲ್ಲಿ ಎರಡು ಕುರ್ಚಿ. ಮಿಷಿನಕ್ಕ ಒಂದರ ಬೆನ್ನು ಹಿಡಿದಳು.

“ಕೂತ್ಕೋಬೇಡ, ನಿಂತೇ ಹೇಳು. ಅಪ್ಪ ಅಮ್ಮ ಏನ್ ಮಾಡ್ತಿದ್ರು?”

“ಅಪ್ಪ ಇರ್ಲಿಲ್ಲ ಸಾರ್. ಅಮ್ಮ ಮಾರ್ಕೆಟ್ ಬೀದಿ ಗುಡಿಸ್ತಿದ್ರು. ಚರಂಡಿ ಕೆಲ್ಸಾನೂ ಮಾಡ್ತಿದ್ರು.”

ಸೆಂಟು ಮೇಜಿನ ಮೇಲಿದ್ದ ನೀರಿನ ಲೋಟವನ್ನು ತನ್ನ ಕಡೆ ಎಳೆದುಕೊಂಡು ಅದರ ಮೇಲೆ ಮುಚ್ಚಳ ಇಟ್ಟ.

“ಓಹೋ. ಅದಕ್ಕೇ.”

ಅದಕ್ಕೇ ಏನು ಎಂದು ಅವನು ಹೇಳಲಿಲ್ಲ. ಅವಳು ಕೇಳಲಿಲ್ಲ.

“ಮುಟ್ಟು ನಿಂತಿದೆಯೋ, ಇನ್ನೂ ಇದೆಯೋ?”

“ಸಾರ್?”

“ಕಿವಿ ಕೇಳಲ್ವಾ? ಹೊಟ್ಟೆನೋವು ಅದೂ ಇದೂ ಅಂತ ತಿಂಗಳಿಗೊಂದ್ಸಲ ಮಲಗೋರು ನಮ್ಗೆ ಬೇಡ. ಬಸುರಿ ಗಿಸುರಿ ಏನಾದ್ರೂ ಇದೀಯಾ?”

“ಈ ವಯಸ್ಸಿಗಾ ಸಾರ್?”

“ನಿಮ್ ಜನದ ವಿಷ್ಯ ಯಾರಿಗ್ಗೊತ್ತು! ಸರಿ, ಹೋಗಿ ಟ್ರಯಲ್ ಕೊಡು. ಹೊಲಿಗೆ ಚೆನ್ನಾಗಿದ್ರೆ ಕೆಲಸ.”

ಪುಟ್ಟಿ ಹೊರಗೆ ಬಂದಾಗ ಅವಳ ಕಿವಿಗಳು ಕೆಂಪಾಗಿದ್ದವು.

“ಏನ್ ಕೇಳ್ದ?”

“ನಿನ್ನ ಕೇಳ್ದಂಗೇ ಅತ್ಗೆ. ಆಮೇಲೆ ಇನ್ನೂ ಯಾಕೆ ಮದ್ವೆ ಆಗಿಲ್ಲ, ರಾತ್ರಿ ನಿದ್ದೆ ಬರ್ತದಾ ಅಂದ.”

“ನೀನೇನಂದೆ?”

“ಬರ್ತದೆ ಅಂದೆ. ಇನ್ನೇನನ್ಲಿ?”

ಇಬ್ಬರೂ ಒಂದು ಗಳಿಗೆ ಮುಖ ಮುಖ ನೋಡಿಕೊಂಡು, ನಗು ಉಕ್ಕದಂತೆ ಬಾಯಿಗೆ ಕೈ ಅಡ್ಡ ಹಿಡಿದು ಟ್ರಯಲ್ ಹಾಲಿಗೆ ನಡೆದರು.

ಟ್ರಯಲ್ಲು ಎಂದರೆ ಒಂದೆರಡು ಹೊಲಿಗೆ ಹಾಕಿ ತೋರಿಸುವುದಿರಬೇಕೆಂದು ಮಿಷಿನಕ್ಕ ತಿಳಿದಿದ್ದಳು. ಹಾಗಿರಲಿಲ್ಲ. ಒಳಗಿನ ದೊಡ್ಡ ಹಾಲಿನಲ್ಲಿ ಖಾಯಂನವರು ಕೋಟಿನ ಬೆನ್ನು, ಎದೆ, ಕಾಲರು ಹೊಲಿದು ಕಳಿಸುತ್ತಿದ್ದರು. ಆ ಕೋಟುಗಳಿಗೆ ತೋಳು ಕೂರಿಸುವುದು ಟ್ರಯಲ್ಲಿನವರ ಕೆಲಸ. ಒಂದು ಮುಗಿದರೆ ಇನ್ನೊಂದು, ಅದು ಮುಗಿದರೆ ಮತ್ತೊಂದು. ಬೆಳಿಗ್ಗೆ ಕೂತವರು ಬೆನ್ನೆತ್ತಿದ್ದು ಹೊರಗೆ ದೀಪ ಹತ್ತಿದ ಮೇಲೆ.

ಹಾಲಿನ ಉಸ್ತುವಾರಿಗೆ ಖಾಯಂ ಹೆಂಗಸೊಬ್ಬಳಿದ್ದಳು. ಪಾಯಿಖಾನೆಯ ಬೀಗದ ಕೈಯನ್ನು ದಾರಕ್ಕೆ ಕಟ್ಟಿ ಕೊರಳಲ್ಲಿ ಹಾಕಿಕೊಂಡಿರುತ್ತಿದ್ದಳು. ಅದಕ್ಕೇ ಅವಳು ಬೀಗದಕೈ.

“ಒಂದ್ನಿಮಿಷ ಹೋಗ್ಬಂದ್ಬಿಡ್ತೀನಿ ಅಕ್ಕಾ” ಎಂದು ಯಾರಾದರೂ ಎದ್ದರೆ ಅವಳದು ಒಂದೇ ಉತ್ತರ: “ಕ್ಯಾಂಡಿಡೇಟ್‌ಗಳಿಗಿಲ್ಲ. ಸ್ಟಾಫ್‌ಗೆ ಮಾತ್ರ.”

“ಹಂಗಾದ್ರೆ ಎಲ್ಲಿಗೆ ಹೋಗ್ಬೇಕಕ್ಕಾ?”

“ಮನೇಲಿ ಮುಗಿಸ್ಕೊಂಡ್ ಬರ್ಬೇಕು.”

ಊಟದ ಡಬ್ಬಿಯನ್ನು ಹೊರಗೆ ಜನರೇಟರಿನ ಗೋಡೆಯ ಬಳಿ ನಿಂತು ತಿನ್ನಬೇಕು. ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು. ಡಬ್ಬಿ ತೊಳೆದ ನೀರಿನಲ್ಲಿ ತುಟಿ ಒದ್ದೆ ಮಾಡಿಕೊಂಡು ಒಳಗೆ ಹೋಗುತ್ತಿದ್ದರು.

ಸಂಜೆ ಸೆಂಟು ಬಂದು ತೀರ್ಪು ಕೊಡುತ್ತಿದ್ದ. ಕೋಟನ್ನು ಎತ್ತಿ ನೋಡಿದಂತೆ ಮಾಡಿ, “ನಿನ್ನ ಹೊಲಿಗೆ ಸರಿ ಇಲ್ಲ, ಫೇಲು. ನೀನು ಸ್ಲೋ, ಫೇಲು. ನೀನು ಎಡಗೈಯೋಳು, ಫೇಲು. ನಿಂದು ಮಾತು ಜಾಸ್ತಿ, ಫೇಲು. ನೀನು, ನೀನು, ನಾಳೆ ಸೆಕೆಂಡ್ ರೌಂಡ್ ಬನ್ನಿ.” ಮಿಷಿನಕ್ಕ ಮತ್ತು ಪುಟ್ಟಿ ಸೆಕೆಂಡ್ ರೌಂಡಿಗೆ ಬಂದರು. ಆಮೇಲೆ ಇನ್ನೊಂದು ರೌಂಡಿಗೆ. ಪ್ರತಿ ರೌಂಡಿನಲ್ಲೂ ಅದೇ ಹಾಲು, ಅದೇ ಕೋಟು, ಅದೇ ತೋಳು.

ಪಕ್ಕದ ಮಿಷಿನ್ನಿನಲ್ಲಿ ಒಬ್ಬ ಹಸಿ ಬಾಣಂತಿ ಕೂರುತ್ತಿದ್ದಳು. ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಬಂದವಳು. ಮಧ್ಯಾಹ್ನವಾಗುತ್ತಲೇ ಅವಳ ಎದೆ ಕಟ್ಟಿ, ಹಾಲು ಸೋರಿ, ಬಟ್ಟೆಯೆಲ್ಲ ಒದ್ದೆ. ಆದರೂ ಅವಳ ತೋಳಿನ ಹೊಲಿಗೆ ಇಸ್ತ್ರಿ ಹೊಡೆದಷ್ಟು ನುಣುಪು.

“ಇದೇನು ಹಾಲಿನ ಡೈರಿನಾ?” ಎಂದ ಸೆಂಟು, ಎಲ್ಲರಿಗೂ ಕೇಳುವಂತೆ. “ಮಾಲಿಗೆ ಕಲೆ ಬಿದ್ರೆ ಯಾರ್ ಜವಾಬ್ದಾರಿ? ಹೊಲಿಗೇನೂ ಸರಿ ಇಲ್ಲ. ಎದ್ದೇಳು. ಫೇಲು.”

ಅವಳು ಹೊಲಿಯುತ್ತಿದ್ದ ತೋಳನ್ನು ಮುಗಿಸಿ, ದಾರ ಕತ್ತರಿಸಿಟ್ಟೇ ಎದ್ದಳು. ಕೆಲಸವನ್ನು ಅರ್ಧಕ್ಕೆ ಬಿಟ್ಟು ಅಭ್ಯಾಸವಿಲ್ಲದ ಕೈ.

ಮರುದಿನ ಪುಟ್ಟಿಯ ಸರದಿ.

ಬೆಳಿಗ್ಗೆಯಿಂದ ಪುಟ್ಟಿ ಮಗ್ಗುಲು ಬದಲಿಸುತ್ತ ಕೂತಿದ್ದಳು. ಒಂದು ಸಲ ಬೀಗದಕೈಯ ಹತ್ತಿರ ಹೋಗಿ ಬಂದಳು. ಊಟವಾದ ಮೇಲೆ ಇನ್ನೊಂದು ಸಲ ಹೋದಳು. “ಅಕ್ಕಾ, ನಿಮ್ ಕಾಲಿಗೆ ಬೀಳ್ತೀನಿ, ತಡ್ಕೊಳ್ಳೋಕಾಗ್ತಿಲ್ಲ” ಎಂದದ್ದು ಮಿಷಿನಕ್ಕನಿಗೂ ಕೇಳಿಸಿತು. ಬೀಗದಕೈ ಗಾಜಿನ ಕೋಣೆಯ ಕಡೆ ಕಣ್ಣು ಹಾಯಿಸಿ, “ಹೋಗಿ ಕೂತ್ಕೋ. ಸಾಯಂಕಾಲ ಆಗ್ತಾ ಬಂತು” ಎಂದಳು. ಸಾಯಂಕಾಲ ಇನ್ನೂ ದೂರವಿತ್ತು.

ಪುಟ್ಟಿಯ ಮಿಷಿನ್ನು ಇದ್ದಕ್ಕಿದ್ದಂತೆ ನಿಂತಿತು. ಮಿಷಿನಕ್ಕ ತಿರುಗಿ ನೋಡುವಾಗ ಪುಟ್ಟಿ ಸ್ಟೂಲಿನ ಮೇಲೆ ಕಲ್ಲಿನಂತೆ ಕೂತಿದ್ದಳು. ಸ್ಟೂಲಿನ ಕಾಲಿನ ಗುಂಟ ನೀರು ಇಳಿದು, ಸಿಮೆಂಟಿನ ಮೇಲೆ ಹರಿದು, ಮುಂದಿನ ಸಾಲಿನವರ ಚಪ್ಪಲಿಯವರೆಗೂ ಹೋಗಿತ್ತು.

ಸೆಂಟಿನ ವಾಸನೆ ಬಂತು.

“ಅಯ್ಯಯ್ಯೋ! ಏನಿದು? ಎಲ್ಲಾ ನಿಲ್ಸಿ, ನಿಲ್ಸಿ. ನೋಡಿ ಎಲ್ರೂ ಇಲ್ಲಿ!” ಅವನು ಮೂಗು ಮುಚ್ಚಿಕೊಂಡು ಹಿಂದೆ ಸರಿದ. “ಕತ್ತೆ ವಯಸ್ಸಾಗಿದೆ, ಉಚ್ಚೆ ಹಿಡ್ಕೊಳ್ಳೋಕೆ ಬರಲ್ಲ. ಇವ್ಳಿಗೆ ಕೆಲಸ ಬೇರೆ ಬೇಕಂತೆ. ಒರಸೇ!”

ಮಿಷಿನಕ್ಕ ಕತ್ತರಿಸಿದ ಬಟ್ಟೆಯ ಚೂರುಗಳನ್ನು ಬಾಚಿಕೊಂಡು ನೆಲಕ್ಕೆ ಕೂತಳು.

“ನೀನಲ್ಲ. ಮಾಡ್ದೋಳು ಒರಸ್ಲಿ.”

“ಚಿಕ್ಕ ಹುಡ್ಗಿ ಸಾರ್, ನಾನೇ...”

“ನಿಂಗೆ ಕೆಲಸ ಬೇಕೋ ಬೇಡ್ವೋ?”

ಮಿಷಿನಕ್ಕನ ಕೈ ನಿಂತಿತು. ಬಟ್ಟೆಯ ಚೂರನ್ನು ಪುಟ್ಟಿ ಅವಳ ಕೈಯಿಂದ ಬಿಡಿಸಿಕೊಂಡಳು. ಒದ್ದೆ ಬಟ್ಟೆ ತೊಡೆಗೆ ಅಂಟಿಕೊಂಡಿತ್ತು. ಹಾಲಿನ ಈ ತುದಿಯಿಂದ ಆ ತುದಿಯವರೆಗೆ ಎಲ್ಲರೂ ನೋಡುತ್ತಿರುವಾಗ ಅವಳು ಮಂಡಿಯೂರಿ ಒರಸಿದಳು. ಸೆಂಟು ಶೂ ಕಾಲಿನಿಂದ “ಇಲ್ಲಿ, ಇಲ್ಲಿ, ಅಲ್ಲೊಂಚೂರು” ಎಂದು ತೋರಿಸುತ್ತ ಹೋದ. ಮುಗಿದ ಮೇಲೆ ಗೇಟಿನ ಕಡೆ ಕೈ ಮಾಡಿದ.

“ಇಬ್ರೂ ಫೇಲು. ಹೋಗ್ತಾ ಇರಿ.”

ಗೇಟಿನ ಹೊರಗಿನ ಚಹಾ ಅಂಗಡಿಯಲ್ಲಿ ಕಾರ್ಖಾನೆಯ ಇಸ್ತ್ರಿಯಜ್ಜ ಕೂತಿದ್ದ. ಬಿಸಿ ಇಸ್ತ್ರಿಯ ಆವಿಗೆ ಬೆಂದು ಬೆಂದು ಮುಖವೆಲ್ಲ ಸುಕ್ಕಾದ ಮುದುಕ. ಪುಟ್ಟಿಯನ್ನು ಕಂಡು ತನ್ನ ಹೆಗಲ ಮೇಲಿನ ಟವೆಲು ತೆಗೆದು, “ಸೊಂಟಕ್ಕೆ ಸುತ್ಕೊಳ್ಳವ್ವಾ” ಎಂದ. ಆಮೇಲೆ ಮಿಷಿನಕ್ಕನ ಕಡೆ ತಿರುಗಿದ.

“ನೀವು ದಡ್ಡರು. ಒಳಗೆ ಒಂದೂ ಜಾಗ ಖಾಲಿ ಇಲ್ಲ.”

“ಅಂದ್ರೆ?”

“ತೋಳು ಕೂರ್ಸೋರು ಅಂತ ಆ ಕಂಪನೀಲಿ ಯಾರೂ ಇಲ್ಲ. ಹೋದ್ಸಲದ ಮಾಲಿಗೂ ಇರ್ಲಿಲ್ಲ, ಅದ್ರ ಹಿಂದಿನ ಮಾಲಿಗೂ ಇರ್ಲಿಲ್ಲ. ದಿನಾ ಇಂಟರ್‌ವ್ಯೂ ಅಂತ ನಿಮ್ಮಂಥೋರ್ನ ಕೂಡ್ಹಾಕೋದು, ಬಿಟ್ಟಿ ಹೊಲಿಸ್ಕೊಳ್ಳೋದು, ಫೇಲು ಅನ್ನೋದು. ಮಾರ್ನೇ ದಿನ ಬೇರೆಯೋರು. ಯಾರ್ನಾದ್ರೂ ತಗೊಂಡಿದ್ದು ನಾನಂತೂ ನೋಡಿಲ್ಲ.”

“ಹೊಲಿಗೆ ಚೆನ್ನಾಗಿಲ್ಲ ಅಂದ್ರಲ್ಲಜ್ಜಾ?”

“ಚೆನ್ನಾಗಿಲ್ದೆ ಹೋದ್ರೆ ನಾನ್ಯಾಕೆ ಅದನ್ನೇ ಇಸ್ತ್ರಿ ಹೊಡ್ದು ಗೋಡೌನಿಗೆ ಕಳಿಸ್ತಿದ್ದೆ?” ಅಜ್ಜ ಲೋಟ ಕೆಳಗಿಟ್ಟ. “ಬರೋ ವಾರ ಹೋಟೆಲಿನೋರು ಬಂದು ಮಾಲು ಎತ್ತಾರೆ. ಆ ದಿನ ಟ್ರಯಲ್‌ನೋರ್ನೆಲ್ಲ ಗೋಡೌನಲ್ಲಿ ಕೂರಿಸಿ ಗುಂಡಿ ಹಚ್ಚಿಸ್ತಾರೆ. ಆಮೇಲೆ ಅವ್ರಿಗೂ ಫೇಲು.”

ಮಿಷಿನಕ್ಕ ಪುಟ್ಟಿಯ ಕೈ ಹಿಡಿದುಕೊಂಡು ಮನೆ ಕಡೆ ನಡೆದಳು. ಅವಳ ತಲೆಯೊಳಗೆ ಸೆಂಟಿನ ಶೂ ಮಾತ್ರ ಓಡಾಡುತ್ತಿತ್ತು. ಇಲ್ಲಿ, ಇಲ್ಲಿ, ಅಲ್ಲೊಂಚೂರು. ನಿಂಗೆ ಕೆಲಸ ಬೇಕೋ ಬೇಡ್ವೋ ಎಂದಾಗ ನಿಂತುಹೋದ ತನ್ನ ಕೈಯನ್ನು ಬಿಸಿ ಇಸ್ತ್ರಿಯ ಕೆಳಗೆ ಒತ್ತಿಬಿಡಬೇಕೆನಿಸಿತು. ಇಲ್ಲದ ಕೆಲಸದ ಆಸೆಗೆ ಆ ಕೈ ನಿಂತಿತ್ತು.

ಪುಟ್ಟಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಅನ್ನ ಬೇಡವೆಂದಳು. ನೀರನ್ನಂತೂ ಮುಟ್ಟಲಿಲ್ಲ. ಗಂಡನಿಗೆ ವಿಷಯ ತಿಳಿದಾಗ ಒಲೆಯ ಮೇಲಿನ ಪಾತ್ರೆಯನ್ನು ಹಾಗೇ ಬಿಟ್ಟು ಹೊರಟು ನಿಂತ.

“ಎಲ್ಲಿಗೆ?”

“ಆ ಬೋಳಿಮಗನ ಹಲ್ಲು ಮುರ್ದು ಬರ್ತೀನಿ. ಎಡಗೈ ಇನ್ನೂ ನೆಟ್ಟಗಿದೆ.”

“ಮುರೀತೀಯ. ಅವ್ನು ಬೇರೆ ಹಲ್ಲು ಕಟ್ಟಿಸ್ಕೋತಾನೆ. ನೀನು ಜೈಲಲ್ಲಿ ಮುದ್ದೆ ಮುರೀತಾ ಕೂತಿರ್ತೀಯ.” ಅವಳು ಬಾಗಿಲಿಗೆ ಅಡ್ಡ ನಿಂತಳು. “ನನ್ನ ಮೇಲೆ ಬಿಡು.”

“ನೀನೇನ್ ಮಾಡ್ತೀಯ?”

“ಅವ್ನು ಏನು ನುಂಗಿದಾನೋ ಅದನ್ನ ಕಕ್ಕಿಸ್ತೀನಿ.”

ಆಮೇಲಿನ ದಿನಗಳಲ್ಲಿ ಮಿಷಿನಕ್ಕ ಬೀದಿ ಬೀದಿ ತಿರುಗಿದಳು. ಫೇಲಾದವರನ್ನು ಹುಡುಕುವುದು ಕಷ್ಟವಾಗಲಿಲ್ಲ. ನಲ್ಲಿಯ ಹತ್ತಿರ ನಿಂತು “ಕೋಟಿನ ಕಂಪನಿ” ಎಂದರೆ ಸಾಕು, ಯಾರಾದರೊಬ್ಬರು ಕೊಡ ಕೆಳಗಿಟ್ಟು ಸೊಂಟಕ್ಕೆ ಕೈ ಕೊಡುತ್ತಿದ್ದರು. ಎಡಗೈಯವಳು ಸಿಕ್ಕಳು. ಮಾತು ಜಾಸ್ತಿ ಎನ್ನಿಸಿಕೊಂಡವಳು ಸಿಕ್ಕಳು. ಅವಳ ಮಾತು ನಿಜಕ್ಕೂ ಜಾಸ್ತಿಯೇ, ಅದರಿಂದಲೇ ಸುದ್ದಿ ಇನ್ನೂ ನಾಲ್ಕು ಬೀದಿಗೆ ಹೋಯಿತು. ಬಾಣಂತಿಯ ಮನೆಗೆ ಹೋದಾಗ ಅವಳು ಮಗುವನ್ನು ಕಾಲಿನ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಎಲ್ಲವನ್ನೂ ಕೇಳಿ, ಮಗುವಿನ ಪಾದ ತಿಕ್ಕುವುದನ್ನು ನಿಲ್ಲಿಸಿದಳು.

“ಅಂದ್ರೆ ನನ್ನ ಹೊಲಿಗೆ ಚೆನ್ನಾಗೇ ಇತ್ತಾ?”

“ನನ್ನದಕ್ಕಿಂತ ಚೆನ್ನಾಗಿತ್ತು.”

“ಥೂ, ಹಲ್ಕಾ ನನ್ಮಗ! ನನ್ನ ಕೈಯೇ ಸರಿ ಇಲ್ಲ ಅನ್ಕೊಂಡು ಅತ್ತೂ ಅತ್ತೂ ಹಾಲು ಬತ್ತಿಸ್ಕೊಂಡ್ನಲ್ಲಕ್ಕಾ.” ಮಗುವನ್ನು ಮಡಿಲಿಗೆ ಎತ್ತಿಕೊಂಡು ಕೇಳಿದಳು: “ಮತ್ತೆ ಅದೇ ಸಾಲಲ್ಲಿ ಹೋಗಿ ನಿಂತ್ರೆ ಗುರುತು ಹಿಡಿಯಲ್ವಾ?”

“ಅವ್ನು ನಮ್ಮ ಮುಖ ಯಾವತ್ತು ನೋಡಿದ್ದ ಹೇಳು?”

ಮಾಲು ಹೋಗುವ ದಿನ ಬೆಳಿಗ್ಗೆ ಮಿಷಿನಕ್ಕ ಹೊರಡುವಾಗ ಪುಟ್ಟಿ ಎದ್ದು ತಲೆ ಬಾಚಿಕೊಳ್ಳುತ್ತಿದ್ದಳು.

“ನೀನು ಬೇಡ ಪುಟ್ಟಿ.”

“ಒರಸ್ದೋಳು ನಾನು. ನೀನಲ್ಲ.”

ಅತ್ತಿಗೆಗೆ ಅದು ಕೆನ್ನೆಗೆ ಬಿದ್ದಂತಾಯಿತು. ಅವಳು ಮತ್ತೆ ಬೇಡ ಎನ್ನಲಿಲ್ಲ.

ತಗಡಿನ ಮಾಡಿನ ಕೆಳಗೆ ಸಾಲು ಉದ್ದವಾಗಿತ್ತು. ಸೆಂಟು ಅವಸರದಲ್ಲಿದ್ದ. ಕೈ, ಕೈ, ಕೈ ಎನ್ನುತ್ತ ಪೆನ್ನು ಆಡಿಸುತ್ತ ಬಂದ. ಎಡಗೈಯವಳ ಕೈ ನೋಡಿದ, ಬಾಣಂತಿಯ ಕೈ ನೋಡಿದ, ಪುಟ್ಟಿಯ ಕೈ ನೋಡಿದ. ಪುಟ್ಟಿ ಕೈ ಹಿಂದಕ್ಕೆಳೆದುಕೊಂಡಳು. “ಹೆದರ್ಬೇಡ, ಚೆನ್ನಾಗಿ ಮಾಡಿದ್ರೆ ಕೆಲಸ ಗ್ಯಾರಂಟಿ” ಎಂದ. ಮಿಷಿನಕ್ಕನ ತೂತುಬಿದ್ದ ಬೆರಳಿನ ಮುಂದೆ ಒಂದು ಗಳಿಗೆ ನಿಂತ. “ಒಳ್ಳೇ ಎಕ್ಸ್‌ಪೀರಿಯನ್ಸ್ ಇರೋ ಹಂಗಿದೆ” ಎಂದು ಮುಂದೆ ಹೋದ.

ಗೋಡೌನಿನಲ್ಲಿ ಕೋಟುಗಳು ಎದೆಯೆತ್ತರದ ರಾಶಿಗಳಾಗಿ ನಿಂತಿದ್ದವು. ಬೀಗದಕೈ ಒಬ್ಬೊಬ್ಬರಿಗೂ ಗುಂಡಿ, ಸೂಜಿ, ದಾರ ಕತ್ತರಿಸುವ ಪುಟ್ಟ ಕತ್ತರಿ ಹಂಚಿದಳು. ಹಂಚುತ್ತ ಬಂದವಳು ಪುಟ್ಟಿಯ ಮುಂದೆ ತಡೆದಳು. ಅವಳು ಮುಖ ನೋಡುವವಳು. ಪುಟ್ಟಿಯನ್ನು ನೋಡಿದಳು, ಪಕ್ಕದ ಮಿಷಿನಕ್ಕನನ್ನು ನೋಡಿದಳು, ಬಾಣಂತಿಯನ್ನು ನೋಡಿದಳು. ಬಾಯಿ ತೆರೆದಳು. ಮಿಷಿನಕ್ಕ ಅವಳ ಕಣ್ಣಿನಲ್ಲಿ ಕಣ್ಣಿಟ್ಟಳು. ಬೀಗದಕೈ ಬಾಯಿ ಮುಚ್ಚಿಕೊಂಡು ಕತ್ತರಿ ಕೊಟ್ಟು ಮುಂದೆ ಹೋದಳು. ಇವರು ಏನು ಮಾಡಲು ಬಂದಿದ್ದಾರೆಂದು ಅವಳಿಗೂ ಆಗ ಹೊಳೆದಿರಲಿಕ್ಕಿಲ್ಲ.

ಊಟದ ಹೊತ್ತಿನವರೆಗೆ ಹೆಂಗಸರು ತಲೆ ತಗ್ಗಿಸಿ ಗುಂಡಿ ಹಚ್ಚಿದರು. ಹೋಟೆಲಿನವರ ಕಾರು ಗೇಟಿನೊಳಗೆ ಬಂದ ಸದ್ದಾಯಿತು. ಸೆಂಟು ಟೈ ಸರಿಮಾಡಿಕೊಳ್ಳುತ್ತ ಓಡಿದ. ಮಿಷಿನಕ್ಕ ಕೈಯಲ್ಲಿದ್ದ ಕೋಟನ್ನು ಮಗುಚಿ, ತೋಳಿನ ಸೇರುವೆಗೆ ಕತ್ತರಿಯ ಮೊನೆ ಹಾಕಿದಳು. ಟಪ್. ಇನ್ನೊಂದು. ಟಪ್. ದಾರ ಹಿಡಿದು ಎಳೆದಳು. ತೋಳು ಕಳಚಿ ಮಡಿಲಿಗೆ ಬಿತ್ತು.

ಅಷ್ಟೇ. ಯಾರೂ ಕೂಗಲಿಲ್ಲ. ಗೋಡೌನಿನ ತುಂಬ ಟಪ್ ಟಪ್ ಸದ್ದು ಶುರುವಾಯಿತು. ಹೊಸದಾಗಿ ಅಂದೇ ಮೊದಲ ಸಲ ಬಂದಿದ್ದ ಒಂದಿಬ್ಬರು ಗಾಬರಿಯಿಂದ ನೋಡಿದರು. ಮಾತು ಜಾಸ್ತಿಯವಳು ಅವರ ಕಿವಿಯಲ್ಲಿ ಏನೋ ಹೇಳಿದಳು. ಅವರು ಗುಂಡಿಯ ಡಬ್ಬಿ ಪಕ್ಕಕ್ಕೆ ಸರಿಸಿ ಕತ್ತರಿ ತೆಗೆದುಕೊಂಡರು. ಬಾಣಂತಿಯ ಕೈ ಎಲ್ಲರಿಗಿಂತ ಚುರುಕು. ಸ್ವಲ್ಪ ಹೊತ್ತಿನಲ್ಲೇ ನೆಲದ ಮೇಲೆ ಒಂಟಿ ತೋಳುಗಳು ಒಂದರ ಮೇಲೊಂದು ಬಿದ್ದು, ಹೆಜ್ಜೆಯಿಡಲು ಜಾಗವಿಲ್ಲದಂತಾಯಿತು.

ಸೆಂಟು ಬಾಗಿಲಲ್ಲಿ ಬಂದು ನಿಂತವನು ಮೊದಲಿಗೆ ಏನನ್ನೂ ಅರ್ಥಮಾಡಿಕೊಳ್ಳಲಿಲ್ಲ.

“ಏನ್... ಏಯ್! ಏನ್ ಮಾಡ್ತಿದೀರೇ ಮುಂಡೇವಾ!”

“ಹೊಲಿಗೆ ಬಿಚ್ತಿದೀವಿ ಸಾರ್” ಎಂದಳು ಮಿಷಿನಕ್ಕ, ತಲೆಯೆತ್ತದೆ.

“ಯಾರ್ ಹೇಳಿದ್ದು ಬಿಚ್ಚು ಅಂತ?”

“ನೀವೇ ಅಂದ್ರಲ್ಲ ಸಾರ್, ನಮ್ಮ ಹೊಲಿಗೆ ಸರಿ ಇಲ್ಲ ಅಂತ. ನಾವೆಲ್ಲ ಫೇಲಾದೋರು. ಫೇಲಾದೋರ ಹೊಲಿಗೆ ದೊಡ್ಡ ಹೋಟೆಲಿನೋರ ಮೈಮೇಲೆ ಹೋದ್ರೆ ನಿಮ್ಮ ಮರ್ಯಾದೆ ಏನಾಗ್ಬೇಕು? ಬೆನ್ನು ಮುಟ್ಟಿಲ್ಲ, ಕಾಲರ್ ಮುಟ್ಟಿಲ್ಲ. ಅದು ಖಾಯಂನೋರ್ದು. ಬರೀ ತೋಳು ನಮ್ದು. ನಮ್ದನ್ನ ನಾವು ತಗೊಂಡ್ಹೋಗ್ತಿದೀವಿ.”

ಸೆಂಟು ನುಗ್ಗಿ ಬಂದು ಅವಳ ಮುಂಗೈ ಹಿಡಿದ. ಮುಟ್ಟಲು ಹೇಸುತ್ತಿದ್ದವನು ಈಗ ಬಿಗಿಯಾಗಿಯೇ ಹಿಡಿದ. ಸುತ್ತಲಿನ ಹೆಂಗಸರು ಎದ್ದು ನಿಂತರು. ಎದ್ದು ನಿಂತರು, ಅಷ್ಟೇ. ಎಲ್ಲರ ಕೈಯಲ್ಲೂ ಕತ್ತರಿಗಳಿದ್ದವು. ಸೆಂಟು ಕೈ ಬಿಟ್ಟ. ಅವರು ಮತ್ತೆ ಕೂತು ಕೆಲಸ ಮುಂದುವರಿಸಿದರು.

ಪುಟ್ಟಿ ಮಾತ್ರ ಕೂರಲಿಲ್ಲ. ನೇರವಾಗಿ ಅವನ ಮುಂದೆ ಹೋಗಿ ನಿಂತಳು.

“ಸಾರ್, ನನ್ನ ಗುರ್ತು ಸಿಕ್ತಾ?”

ಸೆಂಟು ಅವಳ ಮುಖ ನೋಡಿದ. ಹುಬ್ಬು ಗಂಟಿಕ್ಕಿ, ನಿಜವಾಗಿಯೂ ನೆನಪು ಮಾಡಿಕೊಳ್ಳುವವನಂತೆ ನೋಡಿದ. ಅವಳು ಕಾದಳು. ಅವನಿಗೆ ಗುರುತು ಸಿಗಲಿಲ್ಲ. ಅವನು ನಾಟಕವಾಡುತ್ತಿರಲಿಲ್ಲ. ಅವಳನ್ನು ಗೋಡೆಗೆ ಮುಖ ಮಾಡಿ ಮಲಗಿಸಿದ್ದ ಆ ದಿನ ಅವನ ತಲೆಯಲ್ಲಿ ಎಲ್ಲೂ ಇರಲಿಲ್ಲ.

“ಯಾರೇ ನೀನು?”

ಪುಟ್ಟಿ ಪಕ್ಕದ ರಾಶಿಯಿಂದ ಒಂದು ಕೋಟು ಎಳೆದು, ಕತ್ತರಿಯ ಗೊಡವೆಗೇ ಹೋಗದೆ, ಎರಡು ಕೈಯಿಂದ ಹಿಡಿದು ಅವನ ಮುಖದ ಮುಂದೆಯೇ ಪರ್ರನೆ ಹರಿದಳು. ಇನ್ನೊಂದು ಎಳೆದಳು. ಅದನ್ನೂ ಹರಿದಳು.

ಅಷ್ಟರಲ್ಲಿ ಮಾಲೀಕ ಬಂದ. ಅವನ ಹಿಂದೆ ಹೋಟೆಲಿನ ಕಡೆಯ ಹೆಂಗಸೊಬ್ಬಳು. ಅವಳು ತೋಳಿಲ್ಲದ ಕೋಟೊಂದನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿ, “ನಂಗೆ ನಾಳಿದ್ದು ಕೋಟು ಬೇಕು. ಯಾರ ಹತ್ರ ಹೇಗೆ ಹೊಲಿಸ್ತೀರೋ, ಅದು ನಿಮ್ಮ ತಲೆನೋವು” ಎಂದು ಕಾರಿನ ಕಡೆ ನಡೆದಳು. ಮಾಲೀಕ ಸೆಂಟಿನ ಕಡೆ ತಿರುಗಿದ.

“ಯಾರಿವರೆಲ್ಲ?”

“ಇವತ್ತಿನ ಕ್ಯಾಂಡಿಡೇಟ್ಸ್ ಸಾರ್... ಹಿಂದೆ ಫೇಲಾದೋರಂತೆ...”

“ಇವತ್ತಿನ ಕ್ಯಾಂಡಿಡೇಟ್ಸಾ? ಮುಖ ನೋಡಿ ಒಳಗೆ ಬಿಡಕ್ಕಾಗಲ್ವೇನೋ ನಿಂಗೆ, ನಾಯಿ? ನಿನ್ನ ಇಟ್ಕೊಂಡಿರೋದು ಯಾಕೆ?” ಎಲ್ಲರೂ ನೋಡುತ್ತಿರುವಂತೆಯೇ ಬೈದ. ಸೆಂಟಿನ ಕಿವಿಗಳು ಕೆಂಪಾದವು. ಮಿಷಿನಕ್ಕ ಕೆಲಸ ನಿಲ್ಲಿಸಿ, ಮನಸಾರೆ ಅದನ್ನು ನೋಡಿದಳು. ಬಾಯಾರಿದವರು ನೀರು ಕುಡಿದಂತೆ ನೋಡಿದಳು.

ಮಾಲೀಕ ದನಿ ಬದಲಿಸಿದ. “ನೋಡಿ ತಾಯಂದಿರಾ, ಆಗಿದ್ದಾಯ್ತು. ಬಿಚ್ಚಿದ್ದನ್ನ ಇವತ್ತೇ ಹೊಲಿದು ಕೊಡಿ. ಎಲ್ಲರಿಗೂ ಕೆಲಸ. ಖಾಯಂ. ನಾಳೆನೇ ಕಾರ್ಡು.”

ಟಪ್ ಟಪ್ ಸದ್ದು ನಿಧಾನವಾಯಿತು. ಎಡಗೈಯವಳು ಮಿಷಿನಕ್ಕನ ಮುಖ ನೋಡಿದಳು. ಅವಳ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯಿರುವುದು ಮಿಷಿನಕ್ಕನಿಗೆ ಗೊತ್ತಿತ್ತು.

“ಬೇಕಾದೋರು ಹೋಗಿ” ಎಂದಳು ಮಿಷಿನಕ್ಕ. “ನಾನೇನೂ ಅನ್ಕೊಳ್ಳಲ್ಲ.”

ಎಡಗೈಯವಳು ಎದ್ದಳು. ತಲೆ ತಗ್ಗಿಸಿಕೊಂಡು ಹೋಗಿ ಮಾಲೀಕನ ಪಕ್ಕದ ಗೋಡೆಗೆ ಒರಗಿ ನಿಂತು, ಮುಖ ಮುಚ್ಚಿಕೊಂಡಳು. ಇನ್ನೊಬ್ಬಳು ಹೋದಳು. ಬಾಣಂತಿ ಹೋಗಲಿಲ್ಲ. ಉಳಿದವರೂ ಹೋಗಲಿಲ್ಲ. ಮಾಲೀಕ ಫೋನು ಕಿವಿಗಿಟ್ಟುಕೊಂಡು ಹೊರಗೆ ನಡೆದ. “ಪೊಲೀಸ್ನೋರ್ನ ಕಳ್ಸಿ, ಬೇಗ” ಎಂದದ್ದು ಒಳಗೂ ಕೇಳಿಸಿತು.

ಖಾಯಂನವರು ಬಾಗಿಲ ಬಳಿ ಗುಂಪುಗೂಡಿದ್ದರು. ಬೀಗದಕೈ ಆ ಗುಂಪಿನಿಂದ ಬಿಡಿಸಿಕೊಂಡು ತೋಳುಗಳನ್ನು ತುಳಿಯುತ್ತ ಒಳಗೆ ಬಂದಳು. ಅವಳ ಕಣ್ಣು ತುಂಬಿದ್ದವು.

“ನಿಂಗೆ ಹೊಟ್ಟೆ ತಣ್ಣಗಾಯ್ತೇನೇ? ಈ ಮಾಲು ಹೋಗ್ದಿದ್ರೆ ಕಂಪನಿ ಬಾಗ್ಲು ಹಾಕ್ತಾರೆ. ನಮ್ಮ ಹೊಟ್ಟೆ ಮೇಲೆ ಹೊಡ್ದೆಯಲ್ಲೇ! ನಾವೇನ್ ಮಾಡಿದ್ವಿ ನಿಂಗೆ?”

“ಆ ಹುಡ್ಗಿ ಕಾಲಿಗೆ ಬೀಳ್ತೀನಿ ಅಂದಾಗ ಬೀಗದ ಕೈ ಕೊಟ್ಟಿದ್ರೆ ನಾನಿವತ್ತು ಇಲ್ಲಿರ್ತಿರ್ಲಿಲ್ಲ.”

“ಕೊಟ್ಟಿದ್ರೆ ನನ್ನ ಕೆಲ್ಸ ಹೋಗ್ತಿತ್ತು.”

“ಈಗ ಹೋಯ್ತಲ್ಲ.”

ಬೀಗದಕೈ ಅಲ್ಲೇ ತೋಳುಗಳ ರಾಶಿಯ ಮೇಲೆ ಕುಸಿದು ಕೂತಳು. ಮಿಷಿನಕ್ಕ ಅವಳನ್ನು ನೋಡಿದಳು. ಪಾಪ ಎನ್ನಿಸಬೇಕಾಗಿತ್ತು. ಎನ್ನಿಸಲಿಲ್ಲ. ಆಮೇಲೆ ಯಾವತ್ತಾದರೂ ಎನ್ನಿಸಬಹುದು.

ಅಂಗಳದಲ್ಲಿ ಜೀಪು ನಿಂತಿತು. ಬೂಟುಗಳು ಮೆಟ್ಟಿಲು ಹತ್ತಿ ಬಂದವು. ಪೊಲೀಸಿನವನೊಬ್ಬ ಬಾಗಿಲಿಗೆ ಲಾಠಿ ಬಡಿದು, ನೆಲದ ತುಂಬ ಬಿದ್ದ ತೋಳುಗಳನ್ನು ಕಂಡು ಒಂದು ಗಳಿಗೆ ಬೆಚ್ಚಿ, ಆಮೇಲೆ ಗದರಿದ.

“ಯಾರಮ್ಮಾ ಇಲ್ಲಿ ಲೀಡರ್ರು? ಕತ್ತರಿ ಕೆಳಗಿಡಿ! ಎದ್ದೇಳಿ ಎಲ್ರೂ!”

ಯಾರೂ ಏಳಲಿಲ್ಲ. ರಾಶಿ ಇನ್ನೂ ಸೊಂಟದ ಎತ್ತರಕ್ಕಿತ್ತು. ಪುಟ್ಟಿ ಅದರಿಂದ ಒಂದು ಕೋಟು ಎಳೆದು ಅತ್ತಿಗೆಯ ಕಡೆ ಎಸೆದಳು. ಮಿಷಿನಕ್ಕ ಅದನ್ನು ಹಿಡಿದು, ಮಗುಚಿ, ಮಂಡಿಯ ಮೇಲೆ ಹರಡಿಕೊಂಡಳು. ಪೊಲೀಸಿನವನ ನೆರಳು ಅವಳ ಕೈಯ ಮೇಲೆ ಬಿತ್ತು.

“ಸ್ವಲ್ಪ ಸರ್ಕೊಳ್ಳಿ ಸಾರ್, ಬೆಳಕಿಗೆ ಅಡ್ಡ ಬರ್ತಿದೀರ” ಎಂದಳು ಮಿಷಿನಕ್ಕ. “ಈ ತೋಳು ಮುಗೀಲಿ.”